ಕಂಬಳಿ ಟ್ರಕ್ಕಿನ ಸೀಲ್ ಒಡೆದದ್ದಕ್ಕೆ ಸಮಜಾಯಿಷಿ

ಸುರಕ್ಷತಾ ವಿಭಾಗದ ಉಪಾಧ್ಯಕ್ಷರಾದ ಮಾನ್ಯ ರಾಜ್ ಅವರೇ,

ಹೀಟರ್ ಸದಾ ಉರಿಯುವ ತಮ್ಮ ಕಚೇರಿಗೆ, ಕ್ರ್ಯಾನ್‌ಬರಿ ಊರಿನ ಗೋದಾಮಿನಿಂದ ತಮ್ಮ ಟ್ರಕ್ ಓಡಿಸುವ ಫಿರ್ದೌಸ್ ಮಾಡುವ ನಮಸ್ಕಾರಗಳು. ಗ್ರಾಹಕರ ಸರಕಿನ ಸೀಲ್ ಏಕೆ ಒಡೆದೆ ಎಂದು ತಾವು ಇಂಗ್ಲಿಷಿನಲ್ಲಿ ಕಳಿಸಿದ ನೋಟಿಸಿಗೆ, ತಾವೂ ಮೈಸೂರಿನವರೆಂಬ ಸಲುಗೆಯಿಂದ, ಕನ್ನಡದಲ್ಲೇ, ನಾಲ್ಕು ಜನ ಓದುವಂತೆ ಉತ್ತರಿಸುತ್ತಿದ್ದೇನೆ.

ಮೊದಲಿಗೆ, ಚಳಿಗಾಲದ ತುರ್ತು ಪರಿಸ್ಥಿತಿಗೆಂದು ತಾವು ಪ್ರತಿ ಟ್ರಕ್ಕಿಗೂ ದಯಪಾಲಿಸಿದ ಕೆಂಪು ಪೆಟ್ಟಿಗೆಗೆ ಕೃತಜ್ಞತೆಗಳು. ಜನವರಿಯ ಆ ಮಧ್ಯಾಹ್ನ ಹೋಬೋಕನ್ನಿನ ಅಂಗಡಿಗೆ ಉಣ್ಣೆಯ ಕಂಬಳಿಗಳನ್ನು ಒಯ್ಯುತ್ತಿದ್ದಾಗ, ಹಿಮ ಸುರಿಯುತ್ತಿದ್ದ ಹೆದ್ದಾರಿಯಲ್ಲಿ ಡೀಸೆಲ್ ತುಪ್ಪದಂತೆ ಹೆಪ್ಪುಗಟ್ಟಿ, ಎಂಜಿನ್ನೂ ಅದರೊಂದಿಗೆ ಹೀಟರೂ ನಿಂತವು. ಭಕ್ತಿಯಿಂದ ಪೆಟ್ಟಿಗೆ ತೆರೆದೆ. ಡೀಸೆಲ್ ಕರಗಿಸುವ ದ್ರವದ ಬದಲು ಬಿಸಿಲಿಗೆ ಹಚ್ಚುವ ಕ್ರೀಮ್ ಇತ್ತು. ಎಚ್ಚರಿಕೆಯ ತ್ರಿಕೋನಗಳಿರಲಿಲ್ಲ, ಅವನ್ನು ರಸ್ತೆಯಲ್ಲಿ ಇಡುವ ವಿಧಾನದ ಬಣ್ಣದ ಚಿತ್ರವಿತ್ತು. ಎಡಗೈಗೆ ಮಾತ್ರ ಗವಸು. ಸೊಳ್ಳೆ ಓಡಿಸುವ ಸ್ಪ್ರೇಯಂತೂ ಅತ್ಯುತ್ತಮವಾದದ್ದು. ಆ ದಿನ ಒಂದು ಸೊಳ್ಳೆಯೂ ನನ್ನತ್ತ ಸುಳಿಯಲಿಲ್ಲ.

ತಮ್ಮ ಸಹಾಯವಾಣಿಗೆ ಕರೆ ಮಾಡಿದಾಗ, ಶಾಂತವಾಗಿರಬೇಕೆಂದೂ ಯಾವ ಕಾರಣಕ್ಕೂ ಸರಕಿನ ಸೀಲ್ ಮುಟ್ಟಬಾರದೆಂದೂ ಅಪ್ಪಣೆಯಾಯಿತು.

ಶಾಂತವಾಗಿ ನಡುಗುತ್ತಿರುವಾಗ, ಹಿಂದಿನಿಂದ ಬಂದ ಕಾರೊಂದು ಜಾರಿ ಹಿಮದ ರಾಶಿಯಲ್ಲಿ ಮೂತಿ ಹೂತು, ಎಂಜಿನ್ ಆರಿ ನಿಂತಿತು. ಅದರಿಂದ ಇಳಿದವರು ಮನ್ರೋದಲ್ಲಿ ನೆಲೆಸಿರುವ ಧಾರವಾಡದ ಪದ್ಮಜಾ ಆಂಟಿ ಮತ್ತು ಹೃದಯದ ಆಪರೇಷನ್ ಆಗಿ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಅವರ ಪತಿ ಜಯತೀರ್ಥ ಅಂಕಲ್. ಇಬ್ಬರನ್ನೂ ನನ್ನ ಪಕ್ಕ ಹತ್ತಿಸಿಕೊಂಡೆ. ಅಂಕಲ್ ತುಟಿ ನೀಲಿಗಟ್ಟಿತ್ತು. ನನ್ನ ಜಾಕೆಟ್ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಹಿಂದೆ ಏನು ತುಂಬಿದೆಯೆಂದು ಆಂಟಿ ಕೇಳಿದರು. ಹೇಳಿದೆ.

"ಏನವಾ, ಗಾಡಿ ತುಂಬ ಕಂಬಳಿ ಇಟಗೊಂಡು ನಡಗಲಿಕ್ಕೆ ಹತ್ತೀಯಲ್ಲ! ತಗೀ ಬಾಗಲಾ!"

"ಸೀಲ್ ಇದೆ ಆಂಟಿ. ಒಡೆದ್ರೆ ಕೆಲಸ ಹೋಗುತ್ತೆ."

ಆಂಟಿ ಗಂಡನ ಕೈ ಉಜ್ಜತೊಡಗಿದರು. ಮಾತಾಡಿದವರು ಅಂಕಲ್. "ಬ್ಯಾಡ ಬಿಡು, ಪದ್ಮಾ... ಹುಡುಗಿ ನೌಕರಿ..." ಎಂದವರಿಗೆ ವಾಕ್ಯ ಮುಗಿಸಲು ಹಲ್ಲುಗಳು ಬಿಡಲಿಲ್ಲ. ನಾನು ಸೀಟಿನಡಿಯ ಕಟರ್ ಹಿಡಿದು ಇಳಿದೆ.

ರಕ್ಷಣಾ ವಾಹನ ಬರುವವರೆಗೆ ಮೂವರೂ ತಲೆಯವರೆಗೆ ಕಂಬಳಿ ಹೊದ್ದು ಕೂತೆವು. ಅಂಕಲ್ ಈಗ ಆರೋಗ್ಯವಾಗಿದ್ದಾರೆ. ಕಂಪನಿಯ ನಿಯಮಕ್ಕೆ ವಿರುದ್ಧವಾಗಿ ಅವರು ಬದುಕಿಕೊಂಡಿದ್ದಕ್ಕೆ ನಾನು ವಿಷಾದಿಸಬೇಕೆಂದು ತಾವು ಬಯಸಿದರೆ, ಅದಕ್ಕೊಂದು ನಮೂನೆ ಕಳಿಸಿಕೊಡಿ.

ಕೆಲವು ವಿನಂತಿಗಳಿವೆ. ಮುಂದಿನ ಚಳಿಗಾಲದಿಂದ ಹಿಮವು ತಮ್ಮ ವಿಭಾಗದ ಪೂರ್ವಾನುಮತಿ ಪಡೆದೇ ಬೀಳುವಂತೆ ಮಾಡಿ. ಅದಾಗದಿದ್ದರೆ, ಚಳಿಗಾಲದ ಪೆಟ್ಟಿಗೆ ತುಂಬುವವರಿಗೆ ಚಳಿಗಾಲವನ್ನು ಒಮ್ಮೆ ತೋರಿಸಿ. ಅದೂ ಆಗದಿದ್ದರೆ, ಡ್ರೈವರುಗಳ ಮೈಗೂ ಒಂದೊಂದು ಸೀಲ್ ಹಾಕಿಸಿ. ಆಗಲಾದರೂ ಕಂಪನಿ ನಮ್ಮನ್ನು ಸರಕಿನಷ್ಟು ಜೋಪಾನ ಮಾಡೀತು.

ಕೆಲಸದಿಂದ ದೂರವಿರಿಸಿದ್ದರೂ
ತಮ್ಮ ವಿಶ್ವಾಸಿ,
ಫಿರ್ದೌಸ್

ಮರೆತ ಮಾತು: ಬಳಸಿದ ಕಂಬಳಿಗಳನ್ನು ಹಿಂದಿರುಗಿಸಬೇಕೆಂದೂ ನೋಟಿಸಿನಲ್ಲಿದೆ. ನನ್ನದನ್ನು ಕಳಿಸಿದ್ದೇನೆ. ಅಂಕಲ್ ಹೊದ್ದದ್ದನ್ನು ಆಂಟಿ ಕೊಡುತ್ತಿಲ್ಲ. "ನಿಮ್ಮ ಸಾಹೇಬರಿಗೆ ಖುದ್ದ ಬಂದು ಒಯ್ಯಲಿಕ್ಕೆ ಹೇಳು. ಹಿಮಾ ಬೀಳೋ ದಿನಾ ಬರಲಿ, ಕೋಟ್ ಮನ್ಯಾಗ ಬಿಟ್ಟು ಬರಲಿ" ಎಂದಿದ್ದಾರೆ. ವಿಳಾಸ ಲಗತ್ತಿಸಿದೆ.