ನಾಲ್ಕು ತಾಲ್ಲೂಕಿನ ಗಂಡಸರು ಒಂದೇ ಗುಂಡಿಗೆ ತೀರಿಕೊಂಡದ್ದು

ನಿವೃತ್ತನಾದ ಗಂಡಸಿಗೆ ಪಿಂಚಣಿಗಿಂತಲೂ ಹೆಚ್ಚಾಗಿ ಬೇಕಾದದ್ದು ಹೆಂಡತಿಗೆ ತೋರಿಸಲು ಒಂದು ಕೆಲಸ. ಸುಮ್ಮನೆ ಕುಳಿತರೆ ಆಕೆಯ ಕಣ್ಣಿಗೆ ಬೀಳುತ್ತೇವೆ, ಕಣ್ಣಿಗೆ ಬಿದ್ದರೆ ಬಿಡಿಸಲು ಅವರೆಕಾಯಿ ಮುಂದೆ ಬರುತ್ತದೆ. ನನ್ನ ಜೊತೆಯವರು ಕೆಲವರು ಬೆಳಿಗ್ಗೆ ಜೋಗಿಮಟ್ಟಿ ಗುಡ್ಡದ ಕಡೆಗೆ ವಾಕಿಂಗ್ ಹೊರಟು ಊಟದ ಹೊತ್ತಿಗೆ ಮನೆ ಸೇರುತ್ತಾರೆ. ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ. ನನ್ನನ್ನು ಇಷ್ಟು ದಿನ ಕಾಪಾಡಿದ್ದು ನಮ್ಮ ನಿವೃತ್ತ ನೌಕರರ ಸಂಘದ ವಿಳಾಸದ ಪಟ್ಟಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅಷ್ಟೂ ಸದಸ್ಯರು ನನ್ನ ಕಂಪ್ಯೂಟರಿನಲ್ಲಿದ್ದರು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂದಲು ಹಣ್ಣಾಗಿಸಿಕೊಂಡವನೆಂದು ಈ ಹೊಣೆ ನನಗೆ ಬಂದಿತ್ತು. ಇದು ಕೈತಪ್ಪಿದರೆ ನನಗೂ ಅವರೆಕಾಯಿಗೂ ನಡುವೆ ಏನೂ ಉಳಿಯುವುದಿಲ್ಲ.

ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿದೆ. ಗಂಡಸರ ಹೆಸರಿನ ಹಿಂದೆ 'ಶ್ರೀ', ಹೆಂಗಸರಿಗೆ ಶ್ರೀಮತಿಯ ಚಿಕ್ಕ ರೂಪ 'ಎಸ್‌ಎಂಟಿ', ತೀರಿಕೊಂಡವರಿಗೆ 'ಲೇಟ್'. ತೀರಿಕೊಂಡರೆಂದು ನಮ್ಮ ಸಂಘ ಯಾರನ್ನೂ ಕೈಬಿಡುವುದಿಲ್ಲ. ವಾರ್ಷಿಕ ಸಭೆಗೆ ಅವರ ಮನೆಗೆ ಬೇರೆ ಕಾಗದವೇ ಹೋಗುತ್ತದೆ: 'ಅಗಲಿದ ನಿಮ್ಮ ಹಿರಿಯರ ಸ್ಮರಣೆ ಇಟ್ಟುಕೊಂಡಿದ್ದೇವೆ, ಅವರದೊಂದು ಭಾವಚಿತ್ರದೊಂದಿಗೆ ಬನ್ನಿ.' 'ಲೇಟ್' ಇದ್ದಲ್ಲಿಗೆ ಈ ಕಾಗದ, ಉಳಿದವರಿಗೆ ಮಾಮೂಲಿ ಆಮಂತ್ರಣ ಹಾಕಿ ಅಂಚೆಗೆ ಕೊಡುವುದು ಪ್ರೆಸ್ಸಿನವರ ಕೆಲಸ. ಯಾರಾದರೂ ಹೋದ ಸುದ್ದಿ ಬಂದಾಗ ಅವರ 'ಶ್ರೀ' ತೆಗೆದು 'ಲೇಟ್' ಹಾಕುವುದು ನನ್ನ ಕೆಲಸ.

ಅದಕ್ಕೆ ನಾನು ಬಳಸುತ್ತಿದ್ದದ್ದು 'ಸೆಡ್' ಎಂಬ ಯುನಿಕ್ಸ್ ಆಜ್ಞೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಗುಂಡಿ ಒತ್ತಿದರೆ ಕಡತದ ಉದ್ದಕ್ಕೂ ಹೇಳಿದ ಪದವನ್ನು ಬದಲಾಯಿಸುತ್ತದೆ. ಕಾಲೇಜು ಗುಜರಿಗೆ ಹಾಕಿದ ಯಂತ್ರವೊಂದನ್ನು ಮನೆಗೆ ತಂದಿದ್ದೆ. ಅದರಲ್ಲಿದ್ದ ಸೆಡ್ ಹಳೆಯ ಕಾಲದ ಗುಮಾಸ್ತನಂಥದು. ಮೂಲ ಕಡತವನ್ನು ಮುಟ್ಟುತ್ತಲೇ ಇರಲಿಲ್ಲ. ತಿದ್ದಿದ ಪ್ರತಿಯನ್ನು ಪರದೆಯ ಮೇಲೆ ತೋರಿಸುತ್ತಿತ್ತು, ಸರಿ ಇದ್ದರೆ ನಾವೇ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ಈ ವರ್ಷ ಆ ಯಂತ್ರ ಕೆಟ್ಟು ಕೂತಿತು. ಸಂಘದ ಅಧ್ಯಕ್ಷ ರುದ್ರಪ್ಪನವರು ನೇರವಾಗಿ ಹೇಳಿದರು: "ನೋಡ್ರಿ ಮೇಷ್ಟ್ರೇ, ಈ ಸಲ ಏನಾರ ಹೆಚ್ಚುಕಮ್ಮಿ ಆತು ಅಂದ್ರೆ ಪಟ್ಟೀನ ಬಸ್‌ಸ್ಟ್ಯಾಂಡ್ ಹತ್ರದ ಕಂಪ್ಯೂಟರ್ ಸೆಂಟರ್‌ಗೆ ಕೊಟ್ಬಿಡಾಣ."

ನಾನು ಬಿಡುತ್ತೇನೆಯೇ? ಪಟ್ಟಿಯ ಒಂದೇ ಪ್ರತಿ ಉಳಿದಿದ್ದ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಅದಕ್ಕೆ ಓಪನ್ ಸೋರ್ಸ್ ಸೆಡ್ ಹಾಕಿದೆ. ಕಾಸು ಕೊಡಬೇಕಿಲ್ಲ, ಒಳಗಿನ ಬರವಣಿಗೆ ಊರಿಗೆಲ್ಲ ತೆರೆದಿದೆ, ಯಾರು ಬೇಕಾದರೂ ಓದಿ ತಿದ್ದಬಹುದು ಎಂದು ಅಧ್ಯಕ್ಷರ ಮುಂದೆ ಒಂದು ಭಾಷಣವನ್ನೇ ಬಿಗಿದೆ. ನಾನು ಅದರ ಒಂದು ಸಾಲನ್ನೂ ಓದಿರಲಿಲ್ಲವೆಂಬುದು ಬೇರೆ ಮಾತು. ಈ ಹೊಸ ಸೆಡ್ಡಿಗೆ 'ಮೈನಸ್ ಐ' ಎಂದು ಸೇರಿಸಿದರೆ ನೇರವಾಗಿ ಮೂಲ ಕಡತವನ್ನೇ ತಿದ್ದಿಬಿಡುತ್ತದೆ. ತೋರಿಸುವುದಿಲ್ಲ, ಕೇಳುವುದಿಲ್ಲ. ಇಂಥ ವಿಧೇಯತೆಯನ್ನು ನಾನು ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಕಂಡವನಲ್ಲ, ಮರುಳಾದೆ.

ಹೊಳಲ್ಕೆರೆಯ ಒಬ್ಬ ಸದಸ್ಯರು ತೀರಿಕೊಂಡ ಸುದ್ದಿ ಬಂತು. 'ಶ್ರೀ' ಇದ್ದಲ್ಲಿ 'ಲೇಟ್' ಹಾಕು ಎಂದು ಬರೆದು, ಮೈನಸ್ ಐ ಸೇರಿಸಿ, ಗುಂಡಿ ಒತ್ತಿದೆ. ಯಾವ ಸಾಲಿನಲ್ಲಿ ಎಂದು ಹೇಳುವುದನ್ನು ಮರೆತಿದ್ದೆ. ಹಳೆಯದಾಗಿದ್ದರೆ ಪರದೆಯ ತುಂಬ 'ಲೇಟ್' ಓಡಿ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಹೊಸದು ತುಟಿ ಪಿಟಕ್ಕೆನ್ನಲಿಲ್ಲ. ನಾನು ಹೆಮ್ಮೆಯಿಂದ ಕಡತವನ್ನು ಪ್ರೆಸ್ಸಿಗೆ ಕೊಟ್ಟು ಬಂದು ಕಾಫಿ ಕುಡಿದೆ. ನಾಲ್ಕು ತಾಲ್ಲೂಕಿನಲ್ಲಿ ಉಳಿದುಕೊಂಡವರು ಹೆಂಗಸರು ಮಾತ್ರ.

ಮೊದಲ ಫೋನು ಮತ್ತೋಡಿನ ತಿಪ್ಪೇಸ್ವಾಮಿ ಮಾಸ್ತರದು. "ಏನಪ್ಪ, ನಾನು ಯಾವಾಗ ಸತ್ನೋ? ಮಗ ಕಾಗದ ಓದಿದಾಗ ನಾನು ಹೊಲದಾಗೆ ನೀರು ಕಟ್ತಿದ್ದೆ. ಫೋಟೋ ತರಬೇಕೋ, ನಾನೇ ಬರಬೇಕೋ?" ಆಮೇಲೆ ಅಧ್ಯಕ್ಷರದು: "ಅಲ್ರಿ, ನನ್ನನ್ನೂ ಬಿಡ್ಲಿಲ್ವಲ್ರಿ!" ಅಷ್ಟರಲ್ಲಿ ನನ್ನ ಕಾಗದವೂ ಬಂತು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಯಾವ ಫೋಟೋ ಕೊಡ್ಲಿ? ಮದುವೇದು ಬ್ಯಾಡ, ಯಾರಿಗೂ ಗುರ್ತು ಸಿಗಲ್ಲ" ಅಂದಳು.

ಮಾನ ಉಳಿಸಿಕೊಳ್ಳುವ ಅವಸರದಲ್ಲಿ ತಿರುಗುಮುರುಗು ಆಜ್ಞೆ ಕೊಟ್ಟೆ: 'ಲೇಟ್' ಇದ್ದಲ್ಲಿ 'ಶ್ರೀ'. ಸೆಡ್ ಮತ್ತೆ ತೆಪ್ಪಗೆ ಮಾಡಿ ಮುಗಿಸಿತು, ಕಡತವನ್ನು ಮತ್ತೆ ಪ್ರೆಸ್ಸಿಗೆ ಕೊಟ್ಟೆ. ಎಲ್ಲರೂ ಬದುಕಿದರು. ಎಲ್ಲರೂ ಎಂದರೆ, ನಿಜವಾಗಿ ಸತ್ತಿದ್ದವರೂ. ಅದು ನನಗೆ ಹೊಳೆಯುವಷ್ಟರಲ್ಲಿ 'ತಾವು ತಪ್ಪದೆ ಆಗಮಿಸಬೇಕು' ಎಂಬ ಆಮಂತ್ರಣ ಅವರ ಮನೆಗಳನ್ನೂ ತಲುಪಿತ್ತು.

ರುದ್ರಪ್ಪನವರು ಹೇಳಿದಂತೆಯೇ ಮಾಡಿದರು, ಪಟ್ಟಿಯನ್ನು ಸೆಂಟರಿಗೆ ಕೊಟ್ಟರು. ಎರಡನೆಯ ದಿನ ಅವರದೇ ಫೋನು: "ಸೆಂಟರ್‌ನೋರು ಯಾರು ಅದಾರೆ, ಯಾರು ಇಲ್ಲ ಅಂತ ಬರ್ಕೊಡ್ರಿ ಅಂತಾರೆ. ಹಳೇ ಪಟ್ಟಿ ಐತೇನ್ರಿ?" ಪೆನ್‌ಡ್ರೈವಿನದನ್ನೇ ನಾನು ತಿದ್ದಿದ್ದೆ, ಉಳಿದವು ಕೆಟ್ಟ ಯಂತ್ರದೊಳಗೇ ಹೋಗಿದ್ದವು. "ಹಂಗಾರೆ ನೀವೇ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳ್ರಿ. ಮುಗಿಯೋತನಕ ಪಟ್ಟಿ ನಿಮ್ಮತ್ರಾನೇ ಇರಲಿ."

'ಬದುಕಿದ್ದೀರಾ?' ಎಂದು ಕೇಳುವುದು ಹೇಗೆ? 'ಹೇಗಿದ್ದೀರಿ' ಎಂದು ಶುರುಮಾಡುತ್ತಿದ್ದೆ. ಅವರು ಸಕ್ಕರೆ ಕಾಯಿಲೆ, ಸೊಸೆ, ಬೋರ್‌ವೆಲ್ ಎಲ್ಲ ಹೇಳುತ್ತಿದ್ದರು, ಬದುಕಿದ್ದಾರೆಂದು ಬರೆದುಕೊಳ್ಳುತ್ತಿದ್ದೆ. ಹಿರಿಯೂರಿನ ಶಾರದಮ್ಮನವರ ಸರದಿ ಬಂತು. ನಮ್ಮ ಸದಸ್ಯರಾಗಿದ್ದ ಅವರ ಯಜಮಾನರು ಹೋಗಿ ಎರಡು ವರ್ಷವೆಂದು ನನಗೆ ಗೊತ್ತಿತ್ತು. ಬೈಗುಳಕ್ಕೆ ಸಿದ್ಧನಾಗಿಯೇ ಕ್ಷಮೆ ಕೇಳಿದೆ. ಆಕೆ ಬೈಯಲಿಲ್ಲ. "ಅವರ ಹೆಸರಿಗೆ ಶ್ರೀ ಅಂತ ಬಂದ ಕಾಗದ ನೋಡಿ ಭಾಳ ದಿನ ಆಗಿತ್ತು ಕಣಪ್ಪ. ದೇವರ ಗೂಡ್ನಾಗೆ ಇಟ್ಕಂಡಿದೀನಿ. ಅದೊಂದು ತಿದ್ದಬ್ಯಾಡ" ಅಂದರು. ಹ್ಞೂಂ ಎಂದಷ್ಟೇ ಹೇಳಿ ಫೋನಿಟ್ಟೆ.

ಮೊನ್ನೆ ಕಮಿಟಿಯಲ್ಲಿ ರುದ್ರಪ್ಪನವರು, "ಪಟ್ಟಿ ಪೂರ್ತಿ ಸರಿ ಐತೇನ್ರಿ?" ಎಂದು ಕೇಳಿದರು. "ಪೂರ್ತಿ ಸರಿ ಇದೆ" ಎಂದೆ. ಕೆಲಸ ನನಗೇ ಉಳಿಯಿತು. ಪಟ್ಟಿಯಲ್ಲಿ ನಾನು ಗೊತ್ತಿದ್ದೂ ಬಿಟ್ಟಿರುವ ತಪ್ಪು ಶಾರದಮ್ಮನವರ ಯಜಮಾನರ 'ಶ್ರೀ' ಒಂದೇ. ಗೊತ್ತಿಲ್ಲದೆ ಮಾಡಿರುವವು ಇನ್ನೆಷ್ಟಿವೆಯೋ, ಮುಂದಿನ ಸಭೆಗೆ ಯಾರು ಫೋಟೋ ಹಿಡಿದು ಬರುತ್ತಾರೋ ನೋಡಬೇಕು.