ತಾಳಿ ಕಟ್ಟುವ ಹೊತ್ತಿಗೆ ನಿಲ್ಲುತ್ತಿದ್ದ ಕಂಪ್ಯೂಟರ್

ಸಾವಾದ ಮನೆಯ ಕಡೆ ನಗು ಸ್ವಲ್ಪ ಕಾಲ ತಲೆ ಹಾಕುವುದಿಲ್ಲ ಎಂದು ತಿಳಿದಿದ್ದೆ. ಹಾಗೇನೂ ಇಲ್ಲ. ನಾವು ಯಾವುದೋ ಕೆಲಸದಲ್ಲಿ ಮುಳುಗಿರುವಾಗಲೇ ಅದು ಹೇಳದೆ ಕೇಳದೆ ಬರುತ್ತದೆ.

ನಾನು ಗುಬ್ಬಿಯಲ್ಲಿ ಹೈಸ್ಕೂಲ್ ಗಣಿತದ ಟೀಚರ್. ತಮ್ಮ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದ. ಕಂಪ್ಯೂಟರ್ ಬಿಸಿಯಾಗುತ್ತದೆಂದು ಅದಕ್ಕೆ ನೀರು ಹರಿಯುವ ವ್ಯವಸ್ಥೆ ಮಾಡಿದ್ದ. ಒಳಗಿನ ಚಿಪ್ ಮೇಲೊಂದು ತಾಮ್ರದ ಬಿಲ್ಲೆ, ಅದಕ್ಕೆ ಪೈಪು, ಒಂದು ಪುಟ್ಟ ಪಂಪು, ನೀರು ತಣಿಯಲು ಫ್ಯಾನ್ ಕಟ್ಟಿದ ರೇಡಿಯೇಟರ್. ಒಂದು ದಿನ ಅವನು ಇದ್ದಕ್ಕಿದ್ದಂತೆ ಹೋಗಿಬಿಟ್ಟ. ನಿಟ್ಟೂರಿನವರೊಬ್ಬರ ಮಗಳ ಮದುವೆ ವಿಡಿಯೋ ಮಷೀನಿನಲ್ಲೇ ಉಳಿಯಿತು. ಅದನ್ನು ಶೂಟ್ ಮಾಡಿದ್ದ ಕ್ಯಾಸೆಟ್‌ಗಳ ಮೇಲೆ ಆಗಲೇ ಬೇರೆ ಮದುವೆ ತುಂಬಿಸಿದ್ದ. ಆ ಮದುವೆ ಇದ್ದದ್ದು ಈ ಕಂಪ್ಯೂಟರಿನೊಳಗೆ ಮಾತ್ರ. ತಮ್ಮ ಒಪ್ಪಿಕೊಂಡ ಕೊನೆಯ ಕೆಲಸ ಹಾಳಾಗಬಾರದು ಎಂಬುದಷ್ಟೇ ನನ್ನ ಚಿಂತೆ.

ಮಿಕ್ಸಿಂಗ್ ಮುಗಿದಿತ್ತು; ಬಟನ್ ಒತ್ತಿದರೆ ಮದುವೆ ತೆರೆಯ ಮೇಲೆ ಓಡುತ್ತಾ ವಿಡಿಯೋ ತಾನೇ ತಯಾರಾಗುತ್ತಿತ್ತು. ಆದರೆ ಮುಹೂರ್ತದ ಭಾಗಕ್ಕೆ ತಮ್ಮ ಗುಲಾಬಿ ಮಳೆ, ಹೃದಯದ ಚೌಕಟ್ಟು, ಗೊತ್ತಿದ್ದ ಎಲ್ಲ ಎಫೆಕ್ಟ್ ಸುರಿದಿದ್ದ; ಅಲ್ಲಿ ಮಷೀನಿಗೆ ದುಪ್ಪಟ್ಟು ಕೆಲಸ. ಪೈಪಿನ ನೀರು ಪಾಚಿಗಟ್ಟಿತ್ತು. ಪ್ರತಿ ಸಲವೂ ವರ ತಾಳಿ ಎತ್ತುತ್ತಿದ್ದಂತೆ ಮಷೀನ್ ಬಿಸಿಯಾಗಿ ಆಫ್ ಆಗುತ್ತಿತ್ತು.

ಹುಡುಗಿಯ ತಂದೆ ಫೋನ್ ಮಾಡಿದರು. "ಮೇಡಂ, ಮಗಳಿಗೆ ಈಗ ಐದು ತಿಂಗಳು. ವಿಡಿಯೋದಲ್ಲಿ ಇನ್ನೂ ತಾಳಿ ಕಟ್ಟಿಲ್ಲ ಅಂದ್ರೆ ನೆಂಟ್ರು ಏನಂತಾರೆ?"

ಮೀನಿನ ಅಂಗಡಿ

ಪಂಪು ಹಳತಾಗಿತ್ತು. ಮೀನಿನ ತೊಟ್ಟಿಯ ಪಂಪೇ ಇದಕ್ಕೂ ಆಗುತ್ತದೆಂದು ತುಮಕೂರಿನಲ್ಲಿ ಅಕ್ವೇರಿಯಂ ಅಂಗಡಿಗೆ ಹೋದೆ.

"ಯಾವ ಮೀನಿಗೆ ಮೇಡಂ?"

"ಮೀನಿಲ್ಲ."

ಅಂಗಡಿಯವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಹೋಗ್ಬುಡ್ತಾ?"

ನನಗೆ ತಮ್ಮ ನೆನಪಾದ. ಹೌದೆಂದು ತಲೆಯಾಡಿಸಿದೆ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಒಂಟಿ ಇದ್ರೆ ಹಂಗೇ ಆಗೋದು. ಜೋಡಿ ತಗೊಂಡೋಗಿ."

ಪಂಪಿನ ಜೊತೆ ಎರಡು ಮೀನು ಹಿಡಿದುಕೊಂಡು ಬಸ್ ಹತ್ತಿದೆ.

ತಾಮ್ರದ ಬಿಲ್ಲೆ

ಬಿಲ್ಲೆ ಕಪ್ಪಾಗಿತ್ತು. ಎದುರುಮನೆಯ ಅಜ್ಜಿ, "ಕೊಡಮ್ಮಿ, ತಾಮ್ರ ತಿಕ್ಕೋದು ನಿಂಗೇನ್ ಗೊತ್ತು" ಎಂದು ಕಿತ್ತುಕೊಂಡು ಹೋದರು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಫಳಫಳ ಮಾಡಿ ತಂದರು. ಮೇಲೆ ಅರಿಶಿನ, ಕುಂಕುಮ, ಒಂದು ದಾಸವಾಳದ ಹೂವು.

"ಅಜ್ಜಿ, ಇದು ಚಿಪ್ ಮೇಲೆ ಕೂರೋದು. ಏನೂ ಮೆತ್ತಿರಬಾರದು."

"ನೀರು ತುಂಬೋ ತಾಮ್ರ ತಾನೇ? ಬೋಳಾಗಿ ಕೊಟ್ರೆ ನಿಮ್ಮನೆಗೆ ಒಳ್ಳೇದಾಯ್ತದಾ?"

ಅವರು ಅತ್ತ ಹೋದ ಮೇಲೆ ಸ್ಪಿರಿಟ್ ಹಾಕಿ ಒರೆಸಿದೆ. ಸಂಜೆ ಅಜ್ಜಿ ಬಂದು ನೋಡಿ, "ಅಳಿಸ್ಬಿಟ್ಯಾ?" ಎಂದು ಮುನಿಸಿಕೊಂಡು ಮಾನಿಟರಿಗೆ ಅರಿಶಿನ ಕುಂಕುಮ ಇಟ್ಟು ಹೋದರು.

ರೇಡಿಯೇಟರ್

ದೊಡ್ಡ ರೇಡಿಯೇಟರ್ ಬೇಕೆಂದು ಅಂತರಸನಹಳ್ಳಿಯ ಒಬ್ಬ ಸಾಹೇಬರ ಗ್ಯಾರೇಜಿಗೆ ಹೋದೆ.

"ಯಾವ ಗಾಡಿ ಮೇಡಂ?"

"ಗಾಡಿ ಅಲ್ಲ, ಕಂಪ್ಯೂಟರ್."

ಅವರು ಸ್ವಲ್ಪ ಯೋಚಿಸಿದರು. "ಎಷ್ಟು ದೂರ ಹೋದ್ರೆ ಹೀಟ್ ಆಗುತ್ತೆ?"

ಇದ್ದದ್ದನ್ನು ಇದ್ದಂತೆ ಹೇಳಿದೆ. "ತಾಳಿ ಕಟ್ಟೋವರೆಗೂ ಚೆನ್ನಾಗೇ ಹೋಗುತ್ತೆ."

ಸಾಹೇಬರು ಒಳಗಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದರು. "ಮದ್ವೆ ಆದ್ಮೇಲೆ ಎಲ್ರ ಗಾಡೀನೂ ಹೀಟೇ ಮೇಡಂ."

ಮುಹೂರ್ತ

ಹೊಸ ಪಂಪು, ಸಾಹೇಬರು ಕೊಟ್ಟ ರೇಡಿಯೇಟರ್ ಜೋಡಿಸಿ, ಪೈಪು ತೊಳೆದು ಹೊಸ ನೀರು ತುಂಬಿ, ಜೋಡಣೆಗಳ ಕೆಳಗೆ ಪೇಪರ್ ಹಾಸಿ, ಒದ್ದೆಯಾಯಿತೇ ಎಂದು ಮುಟ್ಟಿ ಮುಟ್ಟಿ ನೋಡಿದೆ. ಒಂದು ಹನಿ ಒಳಗೆ ಬಿದ್ದರೂ ಮದುವೆಯೂ ಇಲ್ಲ, ಮಷೀನೂ ಇಲ್ಲ.

ಭಾನುವಾರ ಬೆಳಿಗ್ಗೆ ನಿಟ್ಟೂರಿನಿಂದ ಹುಡುಗಿಯ ತಂದೆ ತಾಯಿ, ಕುಣಿಗಲ್‌ನಿಂದ ಮಗಳು ಅಳಿಯ ಬಂದು ಕಂಪ್ಯೂಟರಿನ ಮುಂದೆ ಚಾಪೆ ಹಾಕಿ ಕೂತರು. ಬಟನ್ ಒತ್ತಿದೆ. ಧಾರೆ ಮುಗಿಯಿತು. ಗುಲಾಬಿ ಮಳೆ ಶುರುವಾಯಿತು. ವರ ತಾಳಿ ಎತ್ತಿದ. ನಾನು ಪೈಪು ಮುಟ್ಟಿ ನೋಡಿದೆ. ಮಷೀನ್ ನಿಲ್ಲಲಿಲ್ಲ.

"ಏಳ್ರೋ, ಎಲ್ಲಾ ಎದ್ದೇಳಿ" ಎಂದರು ತಂದೆ. ತಾಯಿ ಸೆರಗಿನಿಂದ ಅಕ್ಷತೆ ತೆಗೆದು ಮಾನಿಟರಿನ ಮೇಲೆ ಎರಚಿಯೇ ಬಿಟ್ಟರು. ಅರ್ಧ ಅಕ್ಕಿ ರೇಡಿಯೇಟರಿನ ಫ್ಯಾನಿಗೆ ಹೋಯಿತು. ಫ್ಯಾನ್ ಕಟಕಟ ಎಂದು ನಿಂತಿತು.

ತರಗತಿಯಲ್ಲೂ ದನಿ ಎತ್ತದ ನಾನು ಕೂಗಿದೆ: "ಗಾಳಿ ಬೀಸಿ, ಗಾಳಿ."

ತಂದೆ ಅಡುಗೆಮನೆಗೆ ನುಗ್ಗಿ ಮೊರ ತಂದು ಬೀಸಿದರು. ಅಳಿಯ ಟವೆಲ್ ಬೀಸಿದ, ಮಗಳು ಸೆರಗು ಬೀಸಿದಳು. "ನೀನ್ ಕೂತ್ಕೊಳೇ, ಬಸ್ರಿ" ಎಂದು ತಾಯಿ ಅವಳನ್ನು ಬೈಯುತ್ತಲೇ ನನ್ನ ಕ್ಯಾಲೆಂಡರ್ ಕಿತ್ತು ಬೀಸಿದರು. ತೆರೆಯ ಮೇಲೆ ಒಂದು ಗಂಟು ಬಿತ್ತು, ಇನ್ನೊಂದು, ಮೂರನೆಯದು. ಮುಹೂರ್ತ ದಾಟಿತು. ಮೊರ ಕೆಳಗಿಳಿಯಲಿಲ್ಲ. ಆರತಕ್ಷತೆ, ಊಟ, ಕೊನೆಗೆ 'ವಿಡಿಯೋ ಸಿದ್ಧ' ಎಂಬ ಅರ್ಥದ ಪಟ್ಟಿ ಬಂತು.

ತಮ್ಮ ಹೋದ ಮೇಲೆ ನಾನು ಬಾಯಿ ತುಂಬ ನಕ್ಕದ್ದು ಆಗಲೇ. ನಗು ನಿಲ್ಲಿಸಲು ಆಗದೆ ಕಣ್ಣೂ ಒರೆಸಿಕೊಂಡೆ.

ಹುಡುಗಿಯ ತಂದೆ ಮೊರ ಕೆಳಗಿಟ್ಟು ಬೆವರು ಒರೆಸಿ ಹೆಂಡತಿಗೆ ಹೇಳಿದರು: "ಸದ್ಯ ಕತ್ತಿಗೆ ತಾಳಿ ಬಿತ್ತು ಕಣೇ. ಇನ್ ಧೈರ್ಯವಾಗಿ ಸೀಮಂತ ಮಾಡ್ಬೋದು."