ಮೊಮ್ಮಗಳನ್ನು ಅಟ್ಟಕ್ಕೇರಿಸಿದ ಹಡಗಿನವರಿಗೆ

ಮುಂಬೈಯಿಂದ ಗೋವೆಯವರೆಗೆ ಜನರನ್ನು ನೀರಿನ ಮೇಲೆ ಸುತ್ತಾಡಿಸಿ, ಉಣ್ಣಿಸಿ, ಕುಣಿಸಿ, ಮಲಗಿಸುವ ವಿಷಯದಲ್ಲಿ ಮಾತ್ರ ಎಡವುವ ಹಡಗು ಕಂಪನಿಯ ದೊಡ್ಡ ಸಾಹೇಬರಿಗೆ ಶಹಾಬಾದಿನಿಂದ ಅನಸುಬಾಯಿ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಹಡಗು ಇನ್ನೂ ತೇಲುತ್ತಿದೆಯೆಂದೂ ನಂಬಿ ಬರೆಯುತ್ತಿದ್ದೇನೆ. ತಮಗೊಬ್ಬರಿಗೇ ಬರೆದರೆ ‘ತಮ್ಮ ಅನಿಸಿಕೆಗೆ ಧನ್ಯವಾದ’ ಎಂಬ ಒಂದು ಸಾಲು ಬಿಟ್ಟು ಬೇರೇನೂ ಬರುವುದಿಲ್ಲವೆಂದು ಸೊಸೆ ಶಿವಗಂಗಾ ಹೇಳಿದ್ದರಿಂದ ಊರಿಗೆಲ್ಲ ಕಾಣುವಂತೆ ಬರೆದಿದ್ದೇನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ಒರಟಾದರೆ ಸಹಿಸಿಕೊಳ್ಳಬೇಕು, ನಾನೂ ತಮ್ಮ ಹಡಗನ್ನು ಸಹಿಸಿಕೊಂಡಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಊಟ ಭರ್ಜರಿಯಾಗಿತ್ತು, ಜೋಳದ ರೊಟ್ಟಿ ಒಂದನ್ನು ಬಿಟ್ಟು ಜಗತ್ತಿನ ಎಲ್ಲ ಹಿಟ್ಟಿನದ್ದೂ ಇತ್ತು. ಸಮುದ್ರವೂ ಚೆನ್ನಾಗಿತ್ತು, ಆದರೆ ಅದು ತಾವು ಮಾಡಿದ್ದಲ್ಲ.

ಈಗ ದೂರು. ನನ್ನ ಮಗ ಅಶೋಕಕುಮಾರ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಸುವ ಕೆಲಸದವನು. ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂದು ಹೆಂಡತಿಯನ್ನೂ ಮಗಳನ್ನೂ ನನ್ನನ್ನೂ ವಾಡಿಯಲ್ಲಿ ರೈಲು ಹತ್ತಿಸಿ ತಮ್ಮಲ್ಲಿಗೆ ಕರೆತಂದ. ಗಂಡಹೆಂಡಿರಿಗೆ ಒಂದು ಕೋಣೆ, ನನಗೂ ಮೊಮ್ಮಗಳು ಶೈಲಶ್ರೀಗೂ ಎದುರಿನ ಕೋಣೆ. ಈ ಹುಡುಗಿ ಹುಟ್ಟಿದಾಗಿನಿಂದ ನನ್ನ ಮಗ್ಗುಲಲ್ಲೇ ಮಲಗಿದವಳು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ, ಚಳಿಯಲ್ಲಿ ಪಡಸಾಲೆಯಲ್ಲಿ, ನನ್ನ ಕೌದಿಯನ್ನು ಅರ್ಧಕ್ಕಿಂತ ಹೆಚ್ಚು ಎಳೆದುಕೊಂಡೇ ಬೆಳೆದಳು. ಹದಿನೈದು ತುಂಬುವ ಹೊತ್ತಿಗೆ ಹಾಸಿಗೆ ಸುತ್ತಿಕೊಂಡು ತನ್ನ ಕೋಣೆಗೆ ಹೋಗಿ ಚಿಲಕ ಹಾಕಿದವಳು, ಅಲ್ಲಿಂದೀಚೆಗೆ ನನ್ನೊಡನೆ ಆಡುವ ಮಾತು ಎರಡೇ: ಹೂಂ, ಊಹೂಂ. ಹೀಗಿರುವಾಗ ಮಗ ತಮ್ಮ ಜಾಹೀರಾತಿನ ಚಿತ್ರ ತೋರಿಸಿದ. ಒಂದು ಕೋಣೆ, ಒಂದೇ ಅಗಲವಾದ ಮಂಚ, ಬಿಳಿ ಹಾಸಿಗೆ. “ಅವ್ವಾ, ನೀವಿಬ್ಬರೂ ಇದರ ಮ್ಯಾಲ ಮಲಗೋದು,” ಅಂದ. ಸಾಹೇಬರೇ, ನಾನು ಸಮುದ್ರ ನೋಡಲು ಬಂದವಳಲ್ಲ, ಆ ಮಂಚ ನೋಡಿ ಬಂದವಳು.

ಮಂಚವೇನೋ ಚಿತ್ರದಂತೆಯೇ ಇತ್ತು. ಆದರೆ ಕೋಣೆ ನೋಡಿಕೊಳ್ಳುವ ತಮ್ಮ ಮುಜಾಹಿದ್ ಎಂಬಾತ ಕೈಮುಗಿದು ಒಳಬಂದು, ನಗುನಗುತ್ತಲೇ ಗೋಡೆಯೊಳಗಿಂದ ಇನ್ನೊಂದು ಮಂಚವನ್ನು ಕೆಳಕ್ಕೆಳೆದು, ನನ್ನ ತಲೆಯ ಮೇಲೆ ಅಟ್ಟದ ಹಾಗೆ ನಿಲ್ಲಿಸಿ, ಏಣಿ ಸಿಕ್ಕಿಸಿ ಹೋದ. ಅದಕ್ಕೊಂದು ಪರದೆ, ಒಂದು ಪುಟ್ಟ ದೀಪ, ಫೋನು ಚಾರ್ಜಿಗೆ ಹಚ್ಚಲು ಒಂದು ಪ್ಲಗ್ಗು. ಇಷ್ಟು ಸಿಕ್ಕ ಮೇಲೆ ಹದಿನಾರರ ಹುಡುಗಿ ಯಾವ ಕಾರಣಕ್ಕೆ ಕೆಳಗಿಳಿಯಬೇಕು? ತಮ್ಮ ದೂರದೃಷ್ಟಿಗೆ ಶರಣು. “ಕೆಳಗ ಬಾರವ್ವ, ಈ ಮಂಚದಾಗ ಒಂದು ಎತ್ತಿನ ಬಂಡಿ ನಿಲ್ತದ,” ಎಂದು ಕರೆದೆ. “ಇಲ್ಲೇ ಮಸ್ತ್ ಅದ ಆಯಿ, ನೀ ಬಂಡಿ ನಿಲ್ಲಿಸ್ಕೋ,” ಎಂದು ಪರದೆ ಎಳೆದುಕೊಂಡಳು.

ಇನ್ನು ದಿಕ್ಕಿನ ವಿಚಾರ. ಉತ್ತರಕ್ಕೆ ತಲೆ ಮಾಡಿ ಮಲಗಬಾರದೆಂದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ತಮಗೆ ಗೊತ್ತಿಲ್ಲ. ಉತ್ತರ ಯಾವ ಕಡೆ ಎಂದು ಮೊಮ್ಮಗಳನ್ನು ಕೇಳಿದೆ, ಅವಳು ಫೋನಿನಲ್ಲಿ ದಿಕ್ಸೂಚಿ ತೆರೆದು ತೋರಿಸಿದಳು, ನಾನು ದಕ್ಷಿಣಕ್ಕೆ ತಲೆ ಹಾಕಿದೆ. ಕಣ್ಣು ಮುಚ್ಚುವಷ್ಟರಲ್ಲಿ ಪರದೆಯೊಳಗಿಂದ ಕೂಗು ಬಂತು: “ಆಯೀ, ಏಳು! ಹಡಗ ತಿರಗ್ಲಿಕತ್ತದ, ನಿನ್ನ ತಲಿ ಉತ್ತರಕ್ಕ ಹೊಂಟದ!” ಎದ್ದು ದಿಂಬನ್ನು ಕಾಲ ಕಡೆಗೆ ಒಯ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗು. ತಮ್ಮ ಹಡಗಿಗೆ ಒಂದು ನಿಯತ್ತಿನ ದಿಕ್ಕೆಂಬುದೇ ಇಲ್ಲವೇ, ಸ್ವಾಮಿ? ಹಡಗು ನಡೆಸುವವನು ಒಂದು ದಿಕ್ಕು ಹಿಡಿದು ನೆಟ್ಟಗೆ ಹೋಗಬಾರದೇ ಎಂದು ಬೈದೆ. “ನೆಟ್ಟಗ ಹೋದ್ರ ಆಫ್ರಿಕಾ ಬರ್ತದ, ಆಯಿ,” ಎಂದು ಮೇಲಿನಿಂದ ನಗು ಬಂತು. ವರ್ಷವಾಗಿತ್ತು ನೋಡಿ ಆ ನಗು ಕೇಳಿ. ತಮ್ಮ ಹಡಗು ತಿರುಗಿದಷ್ಟೂ ಅವಳು ಪರದೆ ಸರಿಸಿದಳು, ಪರದೆ ಸರಿಸಿದಷ್ಟೂ ಮಾತಾಡಿದಳು. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ, ದೂರು ಇನ್ನೂ ಮುಗಿದಿಲ್ಲ.

ತಲೆಯ ಕಡೆ ಹಲಗೆ, ಪಕ್ಕದಲ್ಲಿ ಗೋಡೆ ಇರುವ ಮಂಚದ ಮೇಲೆ ನಾಲ್ಕು ದಿಕ್ಕಿಗೂ ತಿರುಗಲು ಬಾರದೆ, ಮಾರನೇ ದಿನ ಊಟವಾದ ಮೇಲೆ ನಾನು ನೆಲದ ಮೇಲೆ ಕೌದಿ ಹಾಸಿ ಅಡ್ಡಾದೆ. ನಿದ್ದೆಯೂ ಹತ್ತಿತು. ಟವೆಲ್ಲು ಕೊಡಲು ಬಂದ ಮುಜಾಹಿದ್ ನನ್ನನ್ನು ನೋಡಿದವನೇ “ಅಮ್ಮಾಜೀ ಗಿರ್ ಗಯೀ!” ಎಂದು ಕೂಗಿ ಗಂಟೆ ಒತ್ತಿದ. ಕಣ್ಣು ಬಿಟ್ಟರೆ ಸುತ್ತ ಡಾಕ್ಟರು, ನರ್ಸು, ಸ್ಟ್ರೆಚರು. ನಾನು ಬಿದ್ದಿಲ್ಲ, ಮಲಗಿದ್ದೇನೆ ಎಂದು ಕನ್ನಡದಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಕೊನೆಗೆ ಬೈದೂ ಹೇಳಿದೆ. ಪೆಟ್ಟು ತಲೆಗೇ ಬಿದ್ದಿದೆಯೆಂದು ಅವರಿಗೆ ಖಾತ್ರಿಯಾಯಿತು. ಒಬ್ಬ ನನ್ನ ಕಾಲು ಹಿಡಿದ, ಒಬ್ಬ ಹೆಗಲು ಹಿಡಿದ.

ಆಗ ಅಟ್ಟದಿಂದ ಶೈಲಶ್ರೀ ಇಳಿದಳು. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಅವರು ನಂಬಲಿಲ್ಲ. ಇನ್ನೊಮ್ಮೆ ಹೇಳಿದಳು. ಆಮೇಲೆ ಮಾತು ಸಾಕೆಂದು, ಅಷ್ಟು ಜನರ ಬೂಟುಗಳ ನಡುವೆ ನನ್ನ ಮಗ್ಗುಲಲ್ಲಿ ಮಲಗಿ ಕೌದಿಯನ್ನು ಕೊರಳವರೆಗೆ ಎಳೆದುಕೊಂಡಳು. “ನಮ್ಮನ್ಯಾಗ ಹಿಂಗೇ ಮಲಗ್ತೀವಿ,” ಅಂದಳು. ನನಗೆ ಮೆಲ್ಲಗೆ, “ಆಯಿ ಮ್ಯಾಲ ನಿಗಾ ಇಡು ಅಂತ ಅಪ್ಪ ನನಗ ಹೇಳ್ಯಾನ,” ಅಂದಳು. ಹುಡುಗಿಯ ಮೇಲೆ ನಿಗಾ ಇಡೆಂದು ಅದೇ ಬಾಯಿಯಿಂದ ಅವನು ನನಗೂ ಹೇಳಿದ್ದ. ಸ್ಟ್ರೆಚರಿನವರು ಹೋದರು. ಅವಳು ಏಳಲಿಲ್ಲ. ಹಡಗು ಮುಂಬೈ ಮುಟ್ಟುವವರೆಗೂ ಇಬ್ಬರ ಹಾಸಿಗೆ ನೆಲದ ಮೇಲೆಯೇ. ಹಡಗು ತಿರುಗಿದಾಗ ಇಬ್ಬರೂ ತಿರುಗಿದೆವು.

ಹಾಗಾದರೆ ದೂರೇನು ಎಂದು ಕೇಳುವಿರಿ. ದೂರೇ ಇದು. ಶಹಾಬಾದಿಗೆ ಬಂದ ದಿನವೇ ಅವಳು ತನ್ನ ಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದಾಳೆ. ನಮ್ಮದು ಕಲ್ಲಿನ ಮನೆ, ಎಷ್ಟು ಹೊತ್ತು ಕಾದರೂ ತಿರುಗುವುದಿಲ್ಲ. ರುಚಿ ತೋರಿಸಿ ತಟ್ಟೆ ಕಸಿದುಕೊಂಡವರು ತಾವು, ಆದ್ದರಿಂದ ಸರಿಪಡಿಸುವ ಭಾರವೂ ತಮ್ಮದೇ. ಮುಂದಿನ ಮಳೆಗಾಲದಲ್ಲಿ ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಡ್ಯಾಮು ತುಂಬಿದ ಕೂಡಲೇ ತಮ್ಮ ಹಡಗನ್ನು ಅಲ್ಲಿಗೆ ಕಳಿಸಿಕೊಡಬೇಕು. ಜಾಗ ಚಿಕ್ಕದೆಂದು ಚಿಂತೆ ಬೇಡ, ಗರಗರ ತಿರುಗುತ್ತಿದ್ದರೆ ಸಾಕು. ಮಂಚಗಳನ್ನು ಮುಂಬೈಯಲ್ಲೇ ಇಳಿಸಿ ಬನ್ನಿ.

ಉತ್ತರದ ದಾರಿ ಕಾಯುವ,
ತಮ್ಮ ವಿಶ್ವಾಸಿ,
ಅನಸುಬಾಯಿ, ಶಹಾಬಾದ

ತಾ.ಕ.: ತಾವು ಕಳಿಸಿದ ‘ಬೇಗ ಗುಣಮುಖರಾಗಿ’ ಸಂದೇಶ ತಲುಪಿತು. ಅದನ್ನು ಓದಿ ಹೇಳಲು ಮೊಮ್ಮಗಳು ಕೋಣೆಯಿಂದ ಹೊರಬಂದು ಅರ್ಧ ತಾಸು ಕೂತಿದ್ದಳು. ನನಗೆ ಇನ್ನೂ ಗುಣವಾಗಿಲ್ಲ. ವಾರಕ್ಕೊಂದು ಕಳಿಸುತ್ತಿರಿ, ಇಂಗ್ಲಿಷಿನಲ್ಲೇ ಇರಲಿ, ಉದ್ದವಾಗಿರಲಿ.